ತೀವ್ರ ಪ್ಯಾಂಕ್ರಿಯಾಟೈಟಿಸ್: ಟ್ಯೂಬ್ ಫೀಡ್ ಒಗ್ಗುತ್ತದೋ ಇಲ್ಲವೋ, ಮೊದಲೇ ಅಂದಾಜು ಮಾಡುವುದು ಹೇಗೆ?

ನಾನು ಕಲಿಯುವ ಹೊತ್ತಿಗೆ ಪಾಠ ಒಂದೇ ಇತ್ತು. ಪ್ಯಾಂಕ್ರಿಯಾಸ್ (ಮೇದೋಜೀರಕ ಗ್ರಂಥಿ) ಊದಿಕೊಂಡಿದೆ, ಅದಕ್ಕೆ ರೆಸ್ಟ್ ಬೇಕು, ಬಾಯಿಗೆ ಏನೂ ಹಾಕಬೇಡಿ. ಆ ಪಾಠ ಈಗ ತಿರುಗಿಬಿಟ್ಟಿದೆ. ಕರುಳನ್ನು ಖಾಲಿ ಬಿಟ್ಟರೆ ಅದರ ಒಳಪದರ ಸೊರಗುತ್ತದೆ. ಒಳಗಿನ ಬ್ಯಾಕ್ಟೀರಿಯಾ ಹೊರಗೆ ನುಸುಳಿ, ಸತ್ತುಹೋದ ಪ್ಯಾಂಕ್ರಿಯಾಸ್ ಭಾಗಕ್ಕೆ ಸೋಂಕು ತರಬಹುದು. ಅದಕ್ಕೇ ಬಾಯಿಂದ ತಿನ್ನಲಾಗದವರಿಗೆ 24ರಿಂದ 72 ಗಂಟೆಯೊಳಗೆ ಟ್ಯೂಬ್ ಫೀಡ್ (ಮೂಗಿನಿಂದ ಇಳಿಸಿದ ಕೊಳವೆಯಲ್ಲಿ ದ್ರವ ಆಹಾರ) ಶುರು ಮಾಡಿ ಎಂದು ಯುರೋಪಿನ ಪೋಷಣಾ ತಜ್ಞರ ಎಸ್ಪೆನ್ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಹೇಳಿದೆ.

ಹೇಳುವುದು ಸುಲಭ. ಬೆಡ್ ಪಕ್ಕ ನಿಂತಾಗ ಎದುರಿಗಿರುವುದು ತಮಟೆಯಂತೆ ಬಿಗಿದ ಹೊಟ್ಟೆ. ಫೀಡ್ ಹಾಕಿದರೆ ವಾಂತಿ ಆಗುತ್ತದಾ, ಇನ್ನಷ್ಟು ಉಬ್ಬುತ್ತದಾ ಎಂಬ ಭಯ. ಈ ಬರಹ ಆ ಹೊತ್ತಿಗೆ. ಐಸಿಯುನಲ್ಲಿ ಕೆಲಸ ಮಾಡುವ ಕಿರಿಯ ಡಾಕ್ಟರುಗಳು, ನರ್ಸ್‌ಗಳು, ಡಯಟಿಷಿಯನ್‌ಗಳನ್ನು ಮನಸ್ಸಲ್ಲಿಟ್ಟು ಬರೆದಿದ್ದೇನೆ. ರೋಗಿಯ ಮನೆಯವರು ಓದಿದರೂ ಒಂದಿಷ್ಟು ಅರ್ಥವಾಗುತ್ತದೆ, ಆದರೆ ನಿರ್ಧಾರ ಬೆಡ್ ಪಕ್ಕದ ತಂಡದ್ದೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. "ಈ ರೋಗಿಗೆ ಫೀಡ್ ಒಗ್ಗಲ್ಲ" ಎಂಬ ಅಂದಾಜು ಫೀಡ್ ಮುಂದೂಡಲು ಸಿಗುವ ನೆಪ ಆಗಬಾರದು. ಟ್ಯೂಬ್ ಎಲ್ಲಿಡಬೇಕು, ಎಷ್ಟು ವೇಗದಲ್ಲಿ ಶುರು ಮಾಡಬೇಕು, ಎಷ್ಟು ಗಂಟೆಗೊಮ್ಮೆ ನೋಡಬೇಕು, ಇವು ಬದಲಾಗುವಂತಿದ್ದರೆ ಮಾತ್ರ ಅಂದಾಜಿಗೆ ಬೆಲೆ. ಮತ್ತೆ, ಇದು ಅಡ್ಮಿಷನ್ ದಿನ ಒಮ್ಮೆ ಹಾಕಿ ಮರೆಯುವ ಲೆಕ್ಕ ಅಲ್ಲ. ಪ್ರತಿ ಶಿಫ್ಟ್‌ನಲ್ಲೂ ಹೊಸದಾಗಿ ಹಾಕಬೇಕು.

ಹಂತ 1: "ಒಗ್ಗಲಿಲ್ಲ" ಅಂದರೆ ಏನು ಅಂತ ಒಪ್ಪಿಕೊಳ್ಳಿ

ಒಂದೇ ಐಸಿಯುನಲ್ಲಿ ನಾಲ್ಕು ಜನಕ್ಕೆ ನಾಲ್ಕು ಅರ್ಥ. ಒಬ್ಬರಿಗೆ 200 ಎಂಎಲ್ ಆಸ್ಪಿರೇಟ್ (ಟ್ಯೂಬ್‌ನಿಂದ ಎಳೆದಾಗ ಜಠರದಿಂದ ವಾಪಸ್ ಬರುವುದು) ಬಂದರೆ ಸಾಕು, ಇನ್ನೊಬ್ಬರಿಗೆ ವಾಂತಿ ಆಗಲೇಬೇಕು, ಮತ್ತೊಬ್ಬರು ಎರಡು ಸಲ ಭೇದಿ ಆದ ತಕ್ಷಣ ಪಂಪ್ ಆಫ್ ಮಾಡುತ್ತಾರೆ. ಏನನ್ನು ಊಹಿಸುತ್ತಿದ್ದೇವೆ ಎಂದೇ ಗೊತ್ತಿಲ್ಲದೆ ಊಹಿಸುವುದು ಹೇಗೆ?

ಯುರೋಪಿನ ಐಸಿಯು ತಜ್ಞರ ಗುಂಪು 2012ರಲ್ಲಿ ಕೊಟ್ಟ ವ್ಯಾಖ್ಯೆ ಕೆಲಸಕ್ಕೆ ಬರುತ್ತದೆ. ಫೀಡ್ ಪ್ರಯತ್ನ ಶುರುವಾಗಿ 72 ಗಂಟೆಯೊಳಗೆ ದಿನಕ್ಕೆ ಕೆಜಿಗೆ 20 ಕಿಲೋಕ್ಯಾಲರಿ ಮುಟ್ಟಲಾಗದಿದ್ದರೆ, ಅಥವಾ ರೋಗಿಯ ಸ್ಥಿತಿಯ ಕಾರಣಕ್ಕೆ ಫೀಡ್ ನಿಲ್ಲಿಸಬೇಕಾಗಿ ಬಂದರೆ, ಅದು ಫೀಡಿಂಗ್ ಇನ್‌ಟಾಲರೆನ್ಸ್. 60 ಕೆಜಿ ರೋಗಿಗೆ ಲೆಕ್ಕ ಹಾಕಿ: 1,200 ಕಿಲೋಕ್ಯಾಲರಿ. ಎಂಎಲ್‌ಗೆ ಒಂದು ಕಿಲೋಕ್ಯಾಲರಿ ಇರುವ ಫೀಡ್ ಆದರೆ ಗಂಟೆಗೆ 50 ಎಂಎಲ್. ಈ ಸಂಖ್ಯೆಯನ್ನು ಚಾರ್ಟ್ ಮೇಲೆ ದೊಡ್ಡದಾಗಿ ಬರೆದಿಡಿ.

ಸಿಟಿ ಸ್ಕ್ಯಾನ್‌ಗೆ ಕರೆದೊಯ್ದರು, ಟ್ರೇಕಿಯಾಸ್ಟಮಿ (ಉಸಿರಿಗಾಗಿ ಕತ್ತಿನಲ್ಲಿ ದಾರಿ ಮಾಡುವ ಆಪರೇಷನ್) ಇತ್ತು, ಟ್ಯೂಬ್ ಬ್ಲಾಕ್ ಆಯ್ತು, ಇಂಥ ಕಾರಣಕ್ಕೆ ಫೀಡ್ ನಿಂತರೆ ಅದನ್ನು ರೋಗಿಯ ಹೊಟ್ಟೆಯ ಲೆಕ್ಕಕ್ಕೆ ಸೇರಿಸಬೇಡಿ. ಅದು ನಮ್ಮ ಲೆಕ್ಕ.

ಹಂತ 2: ಈಗ ಫೀಡ್ ಹಾಕಲೇಬಾರದ ಸ್ಥಿತಿಯಾ?

ಮೊದಲು ಇದು ನಿಜಕ್ಕೂ ತೀವ್ರ ಕಾಯಿಲೆಯೇ ಅಂತ ನೋಡಿ. 2012ರ ಪರಿಷ್ಕೃತ ಅಟ್ಲಾಂಟಾ ವರ್ಗೀಕರಣದ ಪ್ರಕಾರ ಶ್ವಾಸಕೋಶ, ಕಿಡ್ನಿ, ರಕ್ತಪರಿಚಲನೆ ಇವುಗಳಲ್ಲಿ ಒಂದಾದರೂ 48 ಗಂಟೆಗಿಂತ ಜಾಸ್ತಿ ಹೊತ್ತು ಕೈಕೊಟ್ಟಿದ್ದರೆ ಮಾತ್ರ "ತೀವ್ರ". ನೋವು ಎಷ್ಟಿದೆ, ರಕ್ತದಲ್ಲಿ ಅಮೈಲೇಸ್ (ಪ್ಯಾಂಕ್ರಿಯಾಸ್‌ನ ಒಂದು ಕಿಣ್ವ) ಎಷ್ಟು ಸಾವಿರ ಇದೆ ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ.

ಆಮೇಲೆ ಕೆಲವು ಸ್ಥಿತಿಗಳಲ್ಲಿ ಅಂದಾಜಿನ ಮಾತೇ ಬೇಡ, ಫೀಡ್ ಕಾಯಬೇಕು. ಹತೋಟಿಗೆ ಬಾರದ ಶಾಕ್ (ಅಂಗಗಳಿಗೆ ರಕ್ತ ಸಾಲದ ಸ್ಥಿತಿ), ಹತೋಟಿಗೆ ಬಾರದ ಆಕ್ಸಿಜನ್ ಕೊರತೆ ಮತ್ತು ಅಸಿಡೋಸಿಸ್ (ರಕ್ತದಲ್ಲಿ ಆಮ್ಲ ಹೆಚ್ಚಾಗುವುದು), ಜಠರ ಅಥವಾ ಮೇಲ್ಭಾಗದ ಕರುಳಿನಿಂದ ರಕ್ತ ಹರಿಯುತ್ತಿರುವುದು, ಕರುಳಿಗೆ ರಕ್ತ ಕಡಿಮೆಯಾಗಿರುವ ಸ್ಪಷ್ಟ ಲಕ್ಷಣ, ಕರುಳು ಕಟ್ಟಿಕೊಂಡಿರುವುದು, ಅಬ್ಡಾಮಿನಲ್ ಕಂಪಾರ್ಟ್‌ಮೆಂಟ್ ಸಿಂಡ್ರೋಮ್ (ಹೊಟ್ಟೆಯೊಳಗಿನ ಒತ್ತಡ ಏರಿ ಅಂಗ ಕೈಕೊಡುವುದು). ರಕ್ತದೊತ್ತಡ ಎತ್ತಿಹಿಡಿಯುವ ನಾರ್‌ಅಡ್ರಿನಲಿನ್ ಕಡಿಮೆ ಡೋಸ್‌ನಲ್ಲಿ ಸ್ಥಿರವಾಗಿ ಓಡುತ್ತಿದೆ, ಲ್ಯಾಕ್ಟೇಟ್ (ಅಂಗಗಳಿಗೆ ರಕ್ತ ಸಾಲದಾಗ ಏರುವ ಆಮ್ಲ) ಇಳಿಯುತ್ತಿದೆ ಅಂದರೆ ಅದು ಈ ಪಟ್ಟಿಗೆ ಸೇರಲ್ಲ. ಡೋಸ್ ಗಂಟೆಗಂಟೆಗೂ ಏರುತ್ತಿದ್ದರೆ ಖಂಡಿತ ಸೇರುತ್ತದೆ.

ಇಷ್ಟು ಎಚ್ಚರ ಯಾಕೆ? ರಕ್ತ ಸರಿಯಾಗಿ ಹೋಗದ ಕರುಳಿಗೆ ಕೆಲಸ ಹೇರಿದರೆ ಅದು ಸತ್ತೇ ಹೋಗಬಹುದು. 2018ರಲ್ಲಿ ಪ್ರಕಟವಾದ ಫ್ರಾನ್ಸ್‌ನ ನ್ಯೂಟ್ರಿರಿಯಾ-2 ಅಧ್ಯಯನದಲ್ಲಿ ವೆಂಟಿಲೇಟರ್ ಮೇಲಿದ್ದ 2,410 ಶಾಕ್ ರೋಗಿಗಳಿದ್ದರು. ಬೇಗನೆ ಪೂರ್ತಿ ಪ್ರಮಾಣದ ಟ್ಯೂಬ್ ಫೀಡ್ ಪಡೆದವರಲ್ಲಿ ಕರುಳಿನ ಇಸ್ಕೀಮಿಯಾ (ರಕ್ತ ಸಾಲದೆ ಆಗುವ ಹಾನಿ) ಹೆಚ್ಚಾಗಿ ಕಂಡಿತು. ಪ್ಯಾಂಕ್ರಿಯಾಟೈಟಿಸ್‌ನಲ್ಲೇ ಇದಕ್ಕಿಂತ ಕಹಿಯಾದ ಪಾಠ 2008ರದ್ದು. ನೆದರ್‌ಲ್ಯಾಂಡ್ಸ್‌ನ ಪ್ರೊಪೇಟ್ರಿಯಾ ಅಧ್ಯಯನದಲ್ಲಿ ಫೀಡ್ ಜೊತೆ ಪ್ರೊಬಯಾಟಿಕ್ ಪಡೆದವರಲ್ಲಿ 9 ಜನಕ್ಕೆ ಕರುಳಿನ ಇಸ್ಕೀಮಿಯಾ ಆಯಿತು, ಇನ್ನೊಂದು ಗುಂಪಿನಲ್ಲಿ ಒಬ್ಬರಿಗೂ ಇಲ್ಲ. ಸಾವು 16% ಮತ್ತು 6%. "ಸುಮ್ನೆ ಒಂದು ಪ್ರೊಬಯಾಟಿಕ್ ಸ್ಯಾಶೆ ಹಾಕೋಣ, ಏನಾಗುತ್ತೆ" ಅನ್ನುವವರಿಗೆ ನಾನು ಈ ಸಂಖ್ಯೆ ಹೇಳುತ್ತೇನೆ.

ಹಾಗೇ, ಗಡಿಯಾರ ಹಿಡಿದು ಓಡಬೇಕಾಗಿಯೂ ಇಲ್ಲ. 2014ರ ಪೈಥಾನ್ ಅಧ್ಯಯನದಲ್ಲಿ 208 ರೋಗಿಗಳಲ್ಲಿ ಅರ್ಧ ಜನಕ್ಕೆ 24 ಗಂಟೆಯೊಳಗೆ ಟ್ಯೂಬ್ ಫೀಡ್ ಶುರು ಮಾಡಿದರು. ಉಳಿದವರು 72 ಗಂಟೆಗೆ ಬಾಯಿಂದ ತಿನ್ನಲು ನೋಡಿದರು, ಆಗದಿದ್ದರೆ ಮಾತ್ರ ಟ್ಯೂಬ್. ದೊಡ್ಡ ಸೋಂಕು ಅಥವಾ ಸಾವು 30% ಮತ್ತು 27%, ಹೆಚ್ಚುಕಡಿಮೆ ಒಂದೇ. ಮುಂದಿನ ಹಂತಗಳನ್ನು ಸಮಾಧಾನವಾಗಿ ಮಾಡಲು ಸಮಯ ಇದೆ, ಅಲ್ವಾ?

ಹಂತ 3: ಹೊಟ್ಟೆಯ ಒತ್ತಡ ಅಳೆಯಿರಿ, ಸರಿಯಾಗಿ ಅಳೆಯಿರಿ

ಒಂದೇ ಒಂದು ಸಂಖ್ಯೆ ಕೊಡುತ್ತೇನೆ, ಆರಿಸಿಕೋ ಅಂದರೆ ನಾನು ಇದನ್ನೇ ಕೇಳುತ್ತೇನೆ: ಹೊಟ್ಟೆಯೊಳಗಿನ ಒತ್ತಡ, ಐಎಪಿ. ಪ್ಯಾಂಕ್ರಿಯಾಸ್ ಸುತ್ತಲಿನ ಊತ, ಹೊಟ್ಟೆಯಲ್ಲಿ ತುಂಬಿದ ನೀರು, ನಾವೇ ಸುರಿದ ಸಲೈನ್‌ನಿಂದ ದಪ್ಪಗಾದ ಕರುಳಿನ ಗೋಡೆ, ಚಲನೆ ನಿಂತ ಕರುಳಿನೊಳಗಿನ ಗಾಳಿ, ಎಲ್ಲವೂ ಈ ಒಂದು ಸಂಖ್ಯೆಯಲ್ಲಿ ಬಂದು ಕೂರುತ್ತವೆ. ಕೈಯಿಂದ ಮುಟ್ಟಿ ಒತ್ತಡ ಹೇಳುತ್ತೇನೆ ಅನ್ನುವವರನ್ನು ನಂಬಬೇಡಿ. ನಾನೂ ಹೇಳುತ್ತಿದ್ದೆ, ತಪ್ಪುತ್ತಿದ್ದೆ.

ಅಳೆಯುವುದು ಮೂತ್ರಕೋಶದ ಮೂಲಕ. ರೋಗಿಯನ್ನು ಪೂರ್ತಿ ಅಂಗಾತ ಮಲಗಿಸಿ. ಫೋಲಿ ಕ್ಯಾತಿಟರ್ (ಮೂತ್ರದ ಟ್ಯೂಬ್) ಕ್ಲ್ಯಾಂಪ್ ಮಾಡಿ, 25 ಎಂಎಲ್ ಮೀರದಂತೆ ಸ್ಟೆರೈಲ್ ಸಲೈನ್ ಹಾಕಿ. ಸೊಂಟದ ಎಲುಬಿನ ಅಂಚಿನ ಮಟ್ಟದಲ್ಲಿ, ಕಂಕುಳ ಮಧ್ಯದಿಂದ ಇಳಿದ ಗೆರೆಯ ಮೇಲೆ ಸೊನ್ನೆ ಹಿಡಿಯಿರಿ. ಅರ್ಧ ನಿಮಿಷದಿಂದ ಒಂದು ನಿಮಿಷ ಕಾಯಿರಿ, ಮೂತ್ರಕೋಶದ ಸ್ನಾಯು ಸಡಿಲವಾಗಲಿ. ಉಸಿರು ಹೊರಬಿಟ್ಟ ಕೊನೆಯಲ್ಲಿ ಓದಿ. ರೋಗಿ ಹೊಟ್ಟೆ ಬಿಗಿ ಹಿಡಿದಿದ್ದರೆ, ಕೆಮ್ಮುತ್ತಿದ್ದರೆ, ಆ ಓದು ಬೇಡ. ತಲೆಯ ಭಾಗ ಎತ್ತರಿಸಿದ್ದರೆ ಸಂಖ್ಯೆ ಕೆಲವು ಮಿಲಿಮೀಟರ್ ಸುಳ್ಳೇ ಏರುತ್ತದೆ. ಅಳೆದಾದ ಮೇಲೆ ತಲೆ ಮತ್ತೆ 30ರಿಂದ 45 ಡಿಗ್ರಿಗೆ ಏರಿಸುವುದನ್ನು ಮರೆಯಬೇಡಿ.

ಇಲ್ಲೇ ನನಗೊಮ್ಮೆ ಎಡವಟ್ಟಾಗಿತ್ತು. ಹಿಂದೆ ಕೆಲಸ ಮಾಡುತ್ತಿದ್ದ ಕಡೆ, ಬೆಳಗ್ಗೆ ಬಂದು ನೋಡಿದರೆ ರಾತ್ರಿಯಿಡೀ ಫೀಡ್ ಬಂದ್. ಚಾರ್ಟ್‌ನಲ್ಲಿ ಐಎಪಿ 22 ಅಂತ ಬರೆದಿದೆ. 20 ದಾಟಿದರೆ ನಿಲ್ಲಿಸಿ ಅಂತ ಆರ್ಡರ್ ಬರೆದವನು ನಾನೇ. ವಿಚಾರಿಸಿದರೆ ಆ ರಾತ್ರಿ ಒತ್ತಡ ಅಳೆಯುವ ಟ್ರಾನ್ಸ್‌ಡ್ಯೂಸರ್ ಕೆಟ್ಟಿತ್ತು, ಟ್ಯೂಬ್‌ನಲ್ಲಿ ನೀರಿನ ಎತ್ತರ ನೋಡಿ ಅಳೆದಿದ್ದರು. ಅಂದರೆ 22 ಸೆಂಟಿಮೀಟರ್ ನೀರು. ಪಾದರಸದ ಒಂದು ಮಿಲಿಮೀಟರ್ ನೀರಿನ 1.36 ಸೆಂಟಿಮೀಟರಿಗೆ ಸಮ. ಭಾಗಿಸಿದರೆ 16. ನಿಧಾನಕ್ಕೆ ಓಡಬಹುದಿದ್ದ ಫೀಡ್ ಹತ್ತು ಗಂಟೆ ನಿಂತಿತ್ತು. ಅವತ್ತಿನಿಂದ ನಾನು ಯೂನಿಟ್ ಇಲ್ಲದ ಸಂಖ್ಯೆ ಒಪ್ಪಲ್ಲ.

ಮುಂದೆ ಬರುವ ಸಂಖ್ಯೆಗಳೆಲ್ಲ ಪಾದರಸದ ಮಿಲಿಮೀಟರ್. ಐಸಿಯು ರೋಗಿಯಲ್ಲಿ 5ರಿಂದ 7 ಸಹಜ. 12 ಮುಟ್ಟಿದರೆ ಒತ್ತಡ ಜಾಸ್ತಿ ಅಂತ ಲೆಕ್ಕ. 20 ದಾಟಿ, ಜೊತೆಗೆ ಹೊಸದಾಗಿ ಒಂದು ಅಂಗ ಕೈಕೊಟ್ಟರೆ ಕಂಪಾರ್ಟ್‌ಮೆಂಟ್ ಸಿಂಡ್ರೋಮ್. ಎಸ್ಪೆನ್ ಮಾರ್ಗಸೂಚಿ ಇದನ್ನೇ ಫೀಡ್‌ಗೆ ಜೋಡಿಸುತ್ತದೆ. 15ಕ್ಕಿಂತ ಕಡಿಮೆ ಇದ್ದರೆ ಧೈರ್ಯವಾಗಿ ಶುರು ಮಾಡಿ. 15 ದಾಟಿದ್ದರೆ ಮೂಗಿನಿಂದ ಜೆಜುನಮ್‌ವರೆಗೆ (ಸಣ್ಣ ಕರುಳಿನ ಎರಡನೇ ಭಾಗ) ಹೋಗುವ ಎನ್‌ಜೆ ಟ್ಯೂಬ್‌ನಲ್ಲಿ ಗಂಟೆಗೆ 20 ಎಂಎಲ್, ಒತ್ತಡ ಇನ್ನೂ ಏರಿದರೆ ಕಡಿಮೆ ಮಾಡಿ ಅಥವಾ ತಾತ್ಕಾಲಿಕವಾಗಿ ನಿಲ್ಲಿಸಿ. 20 ದಾಟಿದರೆ ನಿಲ್ಲಿಸಿ, ರಕ್ತನಾಳದ ಮೂಲಕ ಪೋಷಣೆ ಯೋಚಿಸಿ.

ಒಂದು ಓದಿಗಿಂತ ಓದುಗಳ ನಡೆ ಮುಖ್ಯ. 18, 16, 15 ಅಂತ ಇಳಿಯುತ್ತಿರುವ ರೋಗಿ ನನಗೆ ಚಿಂತೆಯಲ್ಲ. 11, 13, 15 ಅಂತ ಏರುವವರು ಚಿಂತೆ, ಇಬ್ಬರದ್ದೂ ಈಗಿನ ಸಂಖ್ಯೆ ಒಂದೇ ಆದರೂ. 4ರಿಂದ 6 ಗಂಟೆಗೊಮ್ಮೆ ಅಳೆದು ಪಕ್ಕಪಕ್ಕ ಬರೆಯಿರಿ.

ಸಲೈನ್ ವಿಷಯ ಬಂತಲ್ಲ, ಅದಕ್ಕೂ ಒಂದು ಮಾತು. 2022ರ ವಾಟರ್‌ಫಾಲ್ ಅಧ್ಯಯನದಲ್ಲಿ ಧಾರಾಳವಾಗಿ ದ್ರವ ಪಡೆದವರಲ್ಲಿ 20.5% ಜನಕ್ಕೆ ಫ್ಲೂಯಿಡ್ ಓವರ್‌ಲೋಡ್ ಆಯಿತು, ಹದವಾಗಿ ಪಡೆದವರಲ್ಲಿ 6.3%. ಅವರು ಶುರುವಿನಲ್ಲಿ ಅಷ್ಟು ತೀವ್ರ ರೋಗಿಗಳಲ್ಲ, ನಿಜ. ಆದರೂ ಮೊದಲ ಎರಡು ದಿನದ ಇನ್‌ಟೇಕ್-ಔಟ್‌ಪುಟ್ ಚಾರ್ಟ್ ತೆಗೆದು ನೋಡಿ. ಹಲವು ಲೀಟರ್ ಪ್ಲಸ್‌ನಲ್ಲಿದ್ದರೆ ಕರುಳೂ ಊದಿದೆ ಅಂತಲೇ ತಿಳಿಯಿರಿ.

ಹಂತ 4: ಸಿಟಿಯನ್ನು ಫೀಡ್ ಕಣ್ಣಿಂದ ಮತ್ತೆ ನೋಡಿ

ರಿಪೋರ್ಟ್‌ನಲ್ಲಿ ಸಿಟಿ ಸಿವಿಯಾರಿಟಿ ಇಂಡೆಕ್ಸ್ ಇರುತ್ತದೆ, 10ಕ್ಕೆ ಇಷ್ಟು ಅಂತ. 7 ದಾಟಿದರೆ ಕಾಯಿಲೆ ಜೋರು, ಫೀಡ್ ತೊಂದರೆಯ ಸಾಧ್ಯತೆಯೂ ಜಾಸ್ತಿ. ಆದರೆ ನನಗೆ ಬೇಕಿರುವುದು ಬೇರೆ. ರೇಡಿಯಾಲಜಿಸ್ಟ್‌ಗೆ ಫೋನ್ ಮಾಡಿ ಮೂರು ಪ್ರಶ್ನೆ ಕೇಳಿ. ಜಠರ ದೊಡ್ಡದಾಗಿ ತುಂಬಿಕೊಂಡಿದೆಯಾ? ಡ್ಯುವೋಡಿನಮ್ ಅನ್ನು (ಜಠರ ದಾಟಿದ ಕೂಡಲೇ ಬರುವ ಸಣ್ಣ ಕರುಳಿನ ಮೊದಲ ಭಾಗ) ಊತ ಅಥವಾ ದ್ರವದ ಗಂಟು ಒತ್ತುತ್ತಿದೆಯಾ? ಕರುಳಿನ ಗೋಡೆಗೆ ಕಾಂಟ್ರಾಸ್ಟ್ ಚೆನ್ನಾಗಿ ಹಿಡಿದಿದೆಯಾ?

ಡ್ಯುವೋಡಿನಮ್ ಒತ್ತಿಕೊಂಡಿದ್ದರೆ ಜಠರಕ್ಕೆ ಹಾಕಿದ್ದು ಮುಂದೆ ಹೋಗಲ್ಲ. ಜಠರ ಖಾಲಿ ಮಾಡಿಸುವ ಮೆಟೊಕ್ಲೋಪ್ರಮೈಡ್ ಎಷ್ಟು ಕೊಟ್ಟರೂ ಮುಚ್ಚಿದ ಬಾಗಿಲು ತೆರೆಯಲ್ಲ. ಅಂಥವರಿಗೆ ಆ ಜಾಗ ದಾಟಿಸಿ ಎನ್‌ಜೆ ಇಡಬೇಕು. ಬಾಗಿಲು ತೆರೆದಿದೆ, ಕರುಳು ಮಂದವಾಗಿದೆ ಅಷ್ಟೇ ಅಂದರೆ ಜಠರದವರೆಗೆ ಮಾತ್ರ ಹೋಗುವ ಎನ್‌ಜಿ ಟ್ಯೂಬ್‌ನಲ್ಲೇ ಶುರು ಮಾಡಬಹುದು. ಎಲ್ಲರಿಗೂ ಎನ್‌ಜೆ ಬೇಕೇ ಬೇಕು ಅನ್ನುವುದು ಹಳೆಯ ನಂಬಿಕೆ. ಅದಕ್ಕಾಗಿ ಎಂಡೋಸ್ಕೋಪಿ ಸ್ಲಾಟ್ ಕಾಯುತ್ತಾ ಎರಡು ದಿನ ಕಳೆಯುವುದು ಇನ್ನೂ ಕೆಟ್ಟದ್ದು.

ಹಂತ 5: ನಾವೇ ಮಾಡುತ್ತಿರುವ ತೊಂದರೆ ಹುಡುಕಿ

ಡ್ರಗ್ ಚಾರ್ಟ್ ತೆಗೆಯಿರಿ. ಮಾರ್ಫೀನ್, ಫೆಂಟನಿಲ್ ಕರುಳನ್ನು ನಿಧಾನ ಮಾಡುತ್ತವೆ. ನೋವು ತಡೆಯಲು ಅವು ಬೇಕು, ನಿಲ್ಲಿಸಿ ಅನ್ನುತ್ತಿಲ್ಲ. ಡೋಸ್ ನೋವಿಗೆ ತಕ್ಕಂತಿದೆಯಾ ನೋಡಿ. ಜೋರಾದ ಸೆಡೇಶನ್ ಕೂಡ ಹಾಗೇ. ಸೆಡೇಶನ್‌ನ ಔಷಧಿ ಪ್ರೊಪೊಫಾಲ್ ಓಡುತ್ತಿದ್ದರೆ ಎಂಎಲ್‌ಗೆ 1.1 ಕಿಲೋಕ್ಯಾಲರಿ ಕೊಬ್ಬು ಒಳಗೆ ಹೋಗುತ್ತಿದೆ. ಟ್ರೈಗ್ಲಿಸರೈಡ್‌ನಿಂದಲೇ ಪ್ಯಾಂಕ್ರಿಯಾಟೈಟಿಸ್ ಬಂದವರಿಗೆ ಅದು ಸರಿಯಾದ ಔಷಧಿಯೂ ಅಲ್ಲ.

ಪೊಟ್ಯಾಸಿಯಂ 3.5ರ ಕೆಳಗಿದ್ದರೆ ಕರುಳು ಮಲಗಿರುತ್ತದೆ. ಮೆಗ್ನೀಸಿಯಂ ಕಡಿಮೆಯಿದ್ದರೆ ಪೊಟ್ಯಾಸಿಯಂ ಏರುವುದೇ ಇಲ್ಲ. ಸಕ್ಕರೆ ಮೇಲೆ ಹೋದಷ್ಟೂ ಜಠರ ಖಾಲಿಯಾಗುವುದು ತಡ, ಹಾಗಾಗಿ 180 ದಾಟಿದರೆ ಇನ್ಸುಲಿನ್ ಶುರುವಾಗಲಿ. ಇವೆಲ್ಲ ಕೆಲವು ಗಂಟೆಗಳಲ್ಲಿ ಸರಿಮಾಡಬಹುದಾದವು. ಸರಿಮಾಡದೆ "ಈ ರೋಗಿಗೆ ಒಗ್ಗಲ್ಲ" ಅಂತ ಬರೆಯುವುದು ಅನ್ಯಾಯ.

ಹಂತ 6: ಸ್ಕೋರ್‌ಗಳನ್ನು ಎಷ್ಟು ನಂಬಬೇಕು

ಅಪಾಚೆ-2 (ಐಸಿಯು ರೋಗಿಯ ಕಾಯಿಲೆಯ ತೀವ್ರತೆಯ ಅಂಕ) ಹೆಚ್ಚಿದ್ದರೆ, ರಕ್ತದ ಪ್ರೋಟೀನ್ ಅಲ್ಬುಮಿನ್ ಕೆಳಗಿದ್ದರೆ, ಉರಿಯೂತ ತೋರಿಸುವ ಸಿಆರ್‌ಪಿ ಏರುತ್ತಿದ್ದರೆ, ಫೀಡ್ ತೊಂದರೆ ಹೆಚ್ಚು ನಿರೀಕ್ಷಿಸಿ. ಅಮೈಲೇಸ್, ಲೈಪೇಸ್ ಇಳಿಯಲಿ ಅಂತ ಕಾಯಬೇಡಿ. ಕರುಳಿನ ಸದ್ದು ಕೇಳುತ್ತಿಲ್ಲ ಅಂತಲೂ ಕಾಯಬೇಡಿ. ಸ್ಟೆತಸ್ಕೋಪ್‌ನಲ್ಲಿ ಸದ್ದು ಕೇಳುವುದಕ್ಕೂ ಫೀಡ್ ಒಗ್ಗುವುದಕ್ಕೂ ಭರವಸೆಯ ನಂಟಿಲ್ಲ.

ಮೊಬೈಲಿನಲ್ಲಿ ನಾಲ್ಕು ಸಂಖ್ಯೆ ಹಾಕಿದರೆ "72% ಅಪಾಯ" ಅನ್ನುವಂಥ ಮಾಡೆಲ್‌ಗಳು ಈಗ ಬರುತ್ತಿವೆ. ನಂಬುವ ಮುಂಚೆ ಒಂದು ವಿಷಯ ಯೋಚಿಸಿ. ಐಎಪಿ ಜಾಸ್ತಿ ಇರುವವರಿಗೆ ನಾವೇ ಹೆದರಿ ಫೀಡ್ ನಿಧಾನ ಮಾಡುತ್ತೇವೆ. ನಿಧಾನ ಮಾಡಿದ್ದಕ್ಕೆ ಅವರು 72 ಗಂಟೆಗೆ ಕೆಜಿಗೆ 20 ಕಿಲೋಕ್ಯಾಲರಿ ಮುಟ್ಟಲ್ಲ. ಆಮೇಲೆ ದಾಖಲೆ ನೋಡಿ ಲೆಕ್ಕ ಹಾಕಿದರೆ "ಐಎಪಿ ಇನ್‌ಟಾಲರೆನ್ಸ್ ಅನ್ನು ಭರ್ಜರಿಯಾಗಿ ಊಹಿಸುತ್ತದೆ" ಅಂತ ಬರುತ್ತದೆ. ಅಲ್ಲಿ ಊಹೆಗೆ ಸಿಕ್ಕಿದ್ದು ರೋಗಿಯ ಕರುಳೋ, ಡಾಕ್ಟರ ಭಯವೋ? ಇನ್ನೊಂದು ಮೋಸ, ಆಸ್ಪಿರೇಟ್ ಪ್ರಮಾಣವನ್ನು ಊಹೆಯ ಅಂಶವಾಗಿಯೂ ಫಲಿತಾಂಶದ ವ್ಯಾಖ್ಯೆಯಾಗಿಯೂ ಎರಡೂ ಕಡೆ ಬಳಸುವುದು. ಉತ್ತರವನ್ನೇ ಪ್ರಶ್ನೆಯೊಳಗೆ ಇಟ್ಟಂತೆ. ಯಾವುದೇ ಮಾಡೆಲ್ ನೋಡಿದರೂ ಕೇಳಿ: ಫೀಡ್ ಶುರುವಾಗುವ ಮುಂಚಿನ ಮಾಹಿತಿ ಮಾತ್ರ ಬಳಸಿದ್ದಾರಾ? ಬೇರೆ ಆಸ್ಪತ್ರೆಯ ರೋಗಿಗಳಲ್ಲಿ ಪರೀಕ್ಷಿಸಿದ್ದಾರಾ? 30% ಅಂದ ಕಡೆ ನಿಜಕ್ಕೂ ನೂರರಲ್ಲಿ ಮೂವತ್ತು ಜನಕ್ಕೆ ಆಯಿತಾ?

ಹಂತ 7: ಗುಂಪು ಮಾಡಿ, ಪ್ಲ್ಯಾನ್ ಬರೆಯಿರಿ

ನಾನು ಅಂಕ ಕೂಡಿಸಲ್ಲ. ಮೂರು ಗುಂಪು ಸಾಕು. ಐಎಪಿ 12ರ ಕೆಳಗೆ, ಶಾಕ್ ಇಲ್ಲ, ಡ್ಯುವೋಡಿನಮ್ ತೆರೆದಿದೆ: ಎನ್‌ಜಿ, ಗಂಟೆಗೆ 20ರಿಂದ 25 ಎಂಎಲ್, ಒಗ್ಗಿದಂತೆ ಏರಿಸುತ್ತಾ ಹೋಗಿ. ಐಎಪಿ 12ರಿಂದ 20ರ ನಡುವೆ, ಅಥವಾ ಜಠರ ತುಂಬಿಕೊಂಡಿದೆ, ಅಥವಾ ಒಪಿಯಾಯ್ಡ್ (ಮಾರ್ಫೀನ್, ಫೆಂಟನಿಲ್ ಥರದ್ದು) ಮತ್ತು ನಾರ್‌ಅಡ್ರಿನಲಿನ್ ಎರಡೂ ಓಡುತ್ತಿವೆ: ಎನ್‌ಜೆ ಬೇಗ ಯೋಚಿಸಿ, ಗಂಟೆಗೆ 10ರಿಂದ 20, ಏರಿಸುವ ಮುನ್ನ ಪ್ರತಿ ಸಲ ಐಎಪಿ ನೋಡಿ. ಮೂರನೆಯದು ಹಂತ 2ರ ಪಟ್ಟಿ ಮತ್ತು ಐಎಪಿ 20 ದಾಟಿದವರು: ಕಾಯಿರಿ, ಆದರೆ 6 ಗಂಟೆಗೊಮ್ಮೆ ಮರುಪರಿಶೀಲನೆ.

ಒಂದು ಉದಾಹರಣೆ ಕಟ್ಟೋಣ. 60 ಕೆಜಿ, ಎರಡನೇ ದಿನ, ವೆಂಟಿಲೇಟರ್, ನಾರ್‌ಅಡ್ರಿನಲಿನ್ ಇಳಿಯುತ್ತಿದೆ. ಐಎಪಿ 17, ಪೊಟ್ಯಾಸಿಯಂ 3.1, ಸಕ್ಕರೆ 240, ಸಿಟಿಯಲ್ಲಿ ಜಠರ ತುಂಬಿದೆ, ಡ್ಯುವೋಡಿನಮ್ ಊದಿದೆ ಆದರೆ ಮುಚ್ಚಿಲ್ಲ. ಮಧ್ಯದ ಗುಂಪು. ಎನ್‌ಜಿಯಿಂದ ಜಠರ ಖಾಲಿ ಮಾಡಿ, ಪೊಟ್ಯಾಸಿಯಂ ಮತ್ತು ಇನ್ಸುಲಿನ್ ಶುರು, ಎನ್‌ಜೆ ಇಟ್ಟು ಎಕ್ಸ್‌ರೇಯಲ್ಲಿ ತುದಿ ನೋಡಿ ಗಂಟೆಗೆ 15. ಎಂಟು ಗಂಟೆ ಬಿಟ್ಟು ಐಎಪಿ 15: 25ಕ್ಕೆ ಏರಿಸಿ. ಮತ್ತೆ 19: ಹೊಟ್ಟೆ ನೋಡಿ, ಮೂತ್ರ ನೋಡಿ, 15ಕ್ಕೆ ಇಳಿಸಿ, ನಿಲ್ಲಿಸಬೇಡಿ. ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ. ಇವರು 72 ಗಂಟೆಗೆ 50 ಮುಟ್ಟದೇ ಇರಬಹುದು. 35ರಲ್ಲಿ ಓಡುತ್ತಿದ್ದರೂ ಕರುಳಿಗೆ ಸಿಗಬೇಕಾದ ಲಾಭದ ಒಂದು ಪಾಲು ಸಿಗುತ್ತಿದೆ.

ಹಂತ 8: ಮೊದಲ 72 ಗಂಟೆ, ಕಣ್ಣು ಎಲ್ಲಿರಬೇಕು

ಗ್ಯಾಸ್ಟ್ರಿಕ್ ಆಸ್ಪಿರೇಟ್ ಬಗ್ಗೆ ಜಗಳ ಬಹಳ. 6 ಗಂಟೆಯಲ್ಲಿ 500 ಎಂಎಲ್ ದಾಟಿದರೆ ಜಠರದ ಫೀಡ್ ತಡೆದು ಪ್ರೊಕೈನೆಟಿಕ್ (ಜಠರದ ಚಲನೆ ಹೆಚ್ಚಿಸುವ ಔಷಧಿ) ಕೊಡಿ. ಎರಿತ್ರೊಮೈಸಿನ್ ಆದರೆ ಇಸಿಜಿಯಲ್ಲಿ ಕ್ಯೂಟಿ (ಹೃದಯ ಬಡಿತದ ಒಂದು ಅಳತೆ) ನೋಡಿಯೇ ಕೊಡಿ, ಮೂರು ದಿನ ಕಳೆದ ಮೇಲೆ ಅದರ ಪರಿಣಾಮ ತಗ್ಗುತ್ತದೆ. ಅದಕ್ಕಿಂತ ಕಡಿಮೆ ಆಸ್ಪಿರೇಟ್‌ಗೆ, ಬೇರೆ ಲಕ್ಷಣ ಇಲ್ಲದಿದ್ದರೆ, ಪಂಪ್ ಮುಟ್ಟಬೇಡಿ. ಎನ್‌ಜೆ ಟ್ಯೂಬ್‌ನಿಂದ ಆಸ್ಪಿರೇಟ್ ಎಳೆಯುವುದಕ್ಕೆ ಅರ್ಥವೇ ಇಲ್ಲ. ಜೆಜುನಮ್ ಏನೂ ಕೂಡಿಡುವ ಚೀಲ ಅಲ್ಲ.

ಆದರೆ ಎನ್‌ಜೆ ಮೂಲಕ ಫೀಡ್ ಓಡುತ್ತಿರುವಾಗ ಪಕ್ಕದ ಎನ್‌ಜಿಯಲ್ಲಿ ಬರುವುದರ ಬಣ್ಣ ನೋಡಿ. ಹಸಿರು ಪಿತ್ತ ಬಂದರೆ ಸರಿ. ಹಾಲಿನ ಬಣ್ಣದ ಫೀಡೇ ವಾಪಸ್ ಬರುತ್ತಿದ್ದರೆ ಹೊಟ್ಟೆಯನ್ನು ಬೈಯುವ ಮುಂಚೆ ಎಕ್ಸ್‌ರೇ ತೆಗೆಸಿ. ಹೆಚ್ಚಿನ ಸಲ ಎನ್‌ಜೆ ತುದಿ ಜಾರಿ ಜಠರದಲ್ಲಿ ಸುರುಳಿ ಸುತ್ತಿಕೊಂಡಿರುತ್ತದೆ.

ಭೇದಿಗೆ ಫೀಡ್ ನಿಲ್ಲಿಸುವವರು ಜಾಸ್ತಿ. ಮೊದಲು ಟ್ಯೂಬ್‌ನಲ್ಲಿ ಹಾಕುವ ಸಿರಪ್‌ಗಳ ಲೇಬಲ್ ಓದಿ. ಹಲವು ಸಿರಪ್‌ಗಳಲ್ಲಿ ಸಾರ್ಬಿಟಾಲ್ ಇರುತ್ತದೆ, ಅದೇ ಭೇದಿ ಮಾಡಿಸುತ್ತದೆ. ಆಂಟಿಬಯಾಟಿಕ್ ನಡೆಯುತ್ತಿದ್ದರೆ ಕ್ಲಾಸ್ಟ್ರಿಡಿಯಂ ಡಿಫಿಸಿಲ್ ಟೆಸ್ಟ್ ಕಳಿಸಿ. ಫಾಸ್ಫೇಟ್ ಪ್ರತಿದಿನ ನೋಡಿ, ಹಲವು ದಿನ ಉಪವಾಸವಿದ್ದವರಲ್ಲಿ ಫೀಡ್ ಶುರುವಾದ ಮೇಲೆ ಅದು ದಡಕ್ಕನೆ ಬೀಳಬಹುದು.

ಹಂತ 9: ಒಗ್ಗಿದ್ದ ಫೀಡ್ ಥಟ್ಟನೆ ಒಗ್ಗದಿದ್ದರೆ

ಇದು ಬೇರೆಯದೇ ಕಥೆ. ಹತ್ತು ದಿನದಿಂದ ಗಂಟೆಗೆ 60 ಸಲೀಸಾಗಿ ಓಡುತ್ತಿತ್ತು. ಇವತ್ತು ಬೆಳಗ್ಗೆಯಿಂದ ವಾಂತಿ, ಹೊಟ್ಟೆ ಬಿಗಿ, ಲ್ಯಾಕ್ಟೇಟ್ 1.4ರಿಂದ 3.8ಕ್ಕೆ. ಇಲ್ಲಿ ಮೆಟೊಕ್ಲೋಪ್ರಮೈಡ್ ಬರೆದು ಮುಂದಿನ ಬೆಡ್‌ಗೆ ಹೋಗಬೇಡಿ. ಸತ್ತ ಭಾಗಕ್ಕೆ ಸೋಂಕು ತಗುಲಿರಬಹುದು, ರಕ್ತನಾಳ ಒಡೆದು ಒಳಗೇ ರಕ್ತ ಹೋಗುತ್ತಿರಬಹುದು, ದೊಡ್ಡ ಕರುಳು ತೂತಾಗಿರಬಹುದು, ಕರುಳಿಗೆ ರಕ್ತ ನಿಂತಿರಬಹುದು. ಪಂಪ್ ನಿಲ್ಲಿಸಿ, ಎನ್‌ಜಿ ತೆರೆದು ಬಿಡಿ, ಹಿಮೋಗ್ಲೋಬಿನ್ ಮತ್ತು ಐಎಪಿ ನೋಡಿ, ಸರ್ಜನ್‌ಗೆ ಫೋನ್ ಮಾಡಿ, ರೋಗಿ ತಡೆದುಕೊಳ್ಳುವಂತಿದ್ದರೆ ಕಾಂಟ್ರಾಸ್ಟ್ ಸಿಟಿಗೆ ಅಂದೇ ಕಳಿಸಿ. ರಿಕ್ವೆಸ್ಟ್ ಫಾರಂನಲ್ಲಿ "ಪ್ಯಾಂಕ್ರಿಯಾಟೈಟಿಸ್ ಫಾಲೋಅಪ್" ಅಂತ ಬರೆಯಬೇಡಿ. "ಒಗ್ಗುತ್ತಿದ್ದ ಫೀಡ್ ಇಂದು ಬೆಳಗ್ಗೆ 6ರಿಂದ ಒಗ್ಗುತ್ತಿಲ್ಲ, ಕರುಳಿನ ಇಸ್ಕೀಮಿಯಾ ಇದೆಯಾ ನೋಡಿ" ಅಂತ ಬರೆಯಿರಿ. ರೇಡಿಯಾಲಜಿಸ್ಟ್ ಕಣ್ಣು ಕರುಳಿನ ಗೋಡೆಯ ಮೇಲೆ ಹೋಗುವುದು ಆಗಲೇ.